ನಾಲ್ಕನೇ ವಾರ್ಡಿನ ನರ್ಸ್: ಶಾರನ್ ಲೇನ್ ಪ್ರಕರಣ

1969ರ ಜೂನ್ 8. ಬೆಳಗಿನ ಆರು ಗಂಟೆ ಆಗುವುದರಲ್ಲಿತ್ತು. ದಕ್ಷಿಣ ವಿಯೆಟ್ನಾಂನ ಕರಾವಳಿಯಲ್ಲಿ ಚು ಲಾಯಿ ಅನ್ನುವ ಜಾಗದಲ್ಲಿದ್ದ ಅಮೆರಿಕದ ಸೇನಾ ನೆಲೆಯ ಮೇಲೆ ರಾಕೆಟ್‌ಗಳು ಒಂದರ ಹಿಂದೊಂದು ಬಿದ್ದವು. ಅದರಲ್ಲಿ ಒಂದು ನೆಲೆಯೊಳಗಿನ ಆಸ್ಪತ್ರೆಗೆ ಬಡಿಯಿತು. ಬಿದ್ದಿದ್ದು ನಾಲ್ಕು-ಎ ಮತ್ತು ನಾಲ್ಕು-ಬಿ ಎಂಬ ಎರಡು ವಾರ್ಡುಗಳ ಮಧ್ಯೆ. 27 ಜನ ಗಾಯಗೊಂಡರು, ಇಬ್ಬರು ಸತ್ತರು. ಒಬ್ಬಳು ವಿಯೆಟ್ನಾಮಿ ಬಾಲಕಿ. ಇನ್ನೊಬ್ಬರು ನೈಟ್ ಡ್ಯೂಟಿಯಲ್ಲಿದ್ದ ನರ್ಸ್, ಅಮೆರಿಕ ಸೇನೆಯ ಫಸ್ಟ್ ಲೆಫ್ಟಿನೆಂಟ್ ಶಾರನ್ ಆನ್ ಲೇನ್. ರಾಕೆಟ್ಟಿನ ಚೂರು ಅವರ ಎದೆಗೆ ಹೊಕ್ಕಿತ್ತು. ಅಲ್ಲೇ ಪ್ರಾಣ ಹೋಯಿತು. ಇನ್ನೊಂದು ತಿಂಗಳು ಕಳೆದಿದ್ದರೆ 26 ವರ್ಷ ತುಂಬುತ್ತಿತ್ತು.

ವಿಯೆಟ್ನಾಂ ಯುದ್ಧದಲ್ಲಿ ಎದುರಾಳಿಯ ದಾಳಿಗೆ ನೇರವಾಗಿ ಬಲಿಯಾದ ಏಕೈಕ ಅಮೆರಿಕನ್ ಸೇನಾ ಮಹಿಳೆ. ಲೇನ್ ಅವರ ಬಗ್ಗೆ ಎಲ್ಲಿ ಓದಿದರೂ ಮೊದಲು ಸಿಗುವುದು ಇದೇ ಸಾಲು. ಸಾಲಿನಲ್ಲಿ ತಪ್ಪೇನಿಲ್ಲ. ಆದರೆ ಅವರು ಯಾವ ವಾರ್ಡಿನಲ್ಲಿದ್ದರು, ಅಲ್ಲಿ ಮಲಗಿದ್ದವರು ಯಾರು, ಬೇರೆ ವಾರ್ಡಿಗೆ ಹೋಗಬಹುದಮ್ಮ ಅಂದಾಗ ಅವರು ಏನು ಮಾಡಿದರು, ಇದ್ಯಾವುದೂ ಆ ಸಾಲಿನಲ್ಲಿ ಇಲ್ಲ. ನನ್ನ ಮಟ್ಟಿಗೆ ಇಡೀ ಪ್ರಕರಣದ ತಿರುಳು ಇರುವುದೇ ಅಲ್ಲಿ. ಹಾಗಾಗಿ ಸ್ವಲ್ಪ ನಿಧಾನವಾಗಿ, ಮೊದಲಿಂದ ಬರೆಯುತ್ತೇನೆ.

ಓಹಾಯೋದ ಹುಡುಗಿ

ಲೇನ್ ಹುಟ್ಟಿದ್ದು 1943ರ ಜುಲೈ 7ರಂದು, ಅಮೆರಿಕದ ಓಹಾಯೋ ರಾಜ್ಯದ ಜೇನ್ಸ್‌ವಿಲ್‌ನಲ್ಲಿ. ಚಿಕ್ಕಂದಿನಲ್ಲೇ ಮನೆಯವರು ಅದೇ ರಾಜ್ಯದ ಕ್ಯಾಂಟನ್ ಊರಿನ ಪಕ್ಕಕ್ಕೆ ಬಂದು ನೆಲೆಸಿದರು. ಕ್ಯಾಂಟನ್ ಸೌತ್ ಹೈಸ್ಕೂಲಿನಲ್ಲಿ 1961ರಲ್ಲಿ ಓದು ಮುಗಿಸಿ, ಊರಲ್ಲೇ ಇದ್ದ ಆಲ್ಟ್‌ಮನ್ ಆಸ್ಪತ್ರೆಯ ನರ್ಸಿಂಗ್ ಶಾಲೆಗೆ ಸೇರಿದರು. 1965ರ ಏಪ್ರಿಲ್‌ನಲ್ಲಿ ಅಲ್ಲಿಂದ ನರ್ಸ್ ಆಗಿ ಹೊರಬಂದು, ಎರಡು ವರ್ಷ ಸಾಮಾನ್ಯ ಆಸ್ಪತ್ರೆಯಲ್ಲಿ ಕೆಲಸ ಮಾಡಿದರು.

ಆಮೇಲೆ ಏನು ಮಾಡಿದರು ಗೊತ್ತಾ? ನರ್ಸಿಂಗ್ ಬಿಟ್ಟು ಬಿಸಿನೆಸ್ ಕಾಲೇಜಿಗೆ ಸೇರಿದರು. ಯುದ್ಧದಲ್ಲಿ ಸತ್ತವರ ಬದುಕನ್ನು ಬರೆಯುವಾಗ ಇಂಥ ಸಂಗತಿಯನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಹುಟ್ಟಿದಾಗಿನಿಂದ ಸೇವೆಗೇ ಮುಡಿಪಾಗಿದ್ದರು ಅನ್ನುವ ಹಾಗೆ ಬರೆದರೆ ಕಥೆ ಚೆಂದ ಕಾಣುತ್ತದೆ, ಅಲ್ವಾ? ನನಗೆ ಮಾತ್ರ ಈ ಸಂಗತಿಯಿಂದಲೇ ಅವರು ಜಾಸ್ತಿ ಹತ್ತಿರವಾಗುತ್ತಾರೆ. ಇಪ್ಪತ್ತಮೂರು, ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ಯಾರಿಗೆ ತಾನೆ ತಮ್ಮ ದಾರಿ ಪೂರ್ತಿ ಗೊತ್ತಿರುತ್ತದೆ? ಮೂರು ಅವಧಿ ಓದಿದ ಮೇಲೆ ಅದನ್ನೂ ಬಿಟ್ಟರು. 1968ರ ಏಪ್ರಿಲ್ 18ರಂದು ಸೇನೆಯ ನರ್ಸಿಂಗ್ ದಳಕ್ಕೆ ಸೇರಿದರು.

ಆ ಹೊತ್ತಿಗೆ ಯುದ್ಧ ಹೇಗಿತ್ತು ಅನ್ನುವುದನ್ನೂ ನೆನಪಿಟ್ಟುಕೊಳ್ಳಬೇಕು. ಅದೇ ವರ್ಷದ ಜನವರಿ ಕೊನೆಯಲ್ಲಿ ಟೆಟ್ ಹಬ್ಬದ, ಅಂದರೆ ವಿಯೆಟ್ನಾಮಿ ಹೊಸವರ್ಷದ, ಸಮಯಕ್ಕೆ ದಕ್ಷಿಣ ವಿಯೆಟ್ನಾಂನ ಊರೂರಲ್ಲಿ ದಾಳಿ ನಡೆದಿತ್ತು. ಯುದ್ಧ ಬೇಗ ಮುಗಿಯುತ್ತದೆ ಅಂತ ಅಮೆರಿಕದಲ್ಲಿ ನಂಬಿದ್ದವರ ನಂಬಿಕೆ ಕುಸಿದಿತ್ತು. ಅಂಥ ಸಮಯದಲ್ಲಿ ಸೇನೆಗೆ ಸೇರುವ ನರ್ಸ್‌ಗೆ ಮುಂದೆ ಎಲ್ಲಿಗೆ ಕಳಿಸಬಹುದು ಅನ್ನುವ ಅಂದಾಜು ಇದ್ದೇ ಇರುತ್ತಿತ್ತು. ಹುಡುಗರನ್ನು ಕಡ್ಡಾಯವಾಗಿ ಸೇನೆಗೆ ಎಳೆದುಕೊಳ್ಳುತ್ತಿದ್ದ ಕಾಲ ಅದು. ಹೆಂಗಸರಿಗೆ ಆ ಕಡ್ಡಾಯ ಇರಲಿಲ್ಲ. ಲೇನ್ ತಾವಾಗಿಯೇ ಹೋದರು.

ಟೆಕ್ಸಸ್‌ನ ಫೋರ್ಟ್ ಸ್ಯಾಮ್ ಹ್ಯೂಸ್ಟನ್‌ನಲ್ಲಿ ಮೇ ತಿಂಗಳಲ್ಲಿ ತರಬೇತಿ ಶುರು, ಜೂನ್ ನಡುವಿಗೆ ಮುಕ್ತಾಯ. ಅಲ್ಲಿಂದ ಡೆನ್ವರ್‌ನ ಫಿಟ್ಜ್‌ಸಿಮನ್ಸ್ ಸೇನಾ ಆಸ್ಪತ್ರೆ. ಮೊದಲು ಕ್ಷಯರೋಗಿಗಳ ವಾರ್ಡು. ಫಸ್ಟ್ ಲೆಫ್ಟಿನೆಂಟ್ ಆಗಿ ಬಡ್ತಿ ಸಿಕ್ಕಿದ ಮೇಲೆ ಹೃದ್ರೋಗ ವಿಭಾಗದ ಐಸಿಯು ಮತ್ತು ರಿಕವರಿ ರೂಮ್. ಅಂದರೆ ವಿಯೆಟ್ನಾಂಗೆ ಹೊರಡುವಾಗ ಅವರ ಕೈಯಲ್ಲಿ ಒಳ್ಳೆಯ ಪಳಗುವಿಕೆ ಇತ್ತು. ಕಾಲೇಜು ಮುಗಿಸಿ ನೇರ ಯುದ್ಧಕ್ಕೆ ಬಂದ ನರ್ಸ್‌ಗಳು ಆ ಕಾಲದಲ್ಲಿ ಬೇಕಾದಷ್ಟು ಜನ ಇದ್ದರು. ಲೇನ್ ಹಾಗಲ್ಲ.

1969ರ ಏಪ್ರಿಲ್ 24ಕ್ಕೆ ಕ್ಯಾಲಿಫೋರ್ನಿಯಾದ ಟ್ರಾವಿಸ್ ವಾಯುನೆಲೆ, ಏಪ್ರಿಲ್ 29ಕ್ಕೆ ಚು ಲಾಯಿಯ 312ನೇ ಇವ್ಯಾಕ್ಯುಯೇಶನ್ ಆಸ್ಪತ್ರೆ, ಅಂದರೆ ಯುದ್ಧಭೂಮಿಯಿಂದ ಸಾಗಿಸಿ ತಂದ ಗಾಯಾಳುಗಳ ಆಸ್ಪತ್ರೆ. ಆ ಆಸ್ಪತ್ರೆಯ ಘಟಕ ಮೂಲತಃ ನಾರ್ತ್ ಕ್ಯಾರೊಲಿನಾದ ಮೀಸಲು ಪಡೆಯದು. ತಮ್ಮೂರಲ್ಲಿ ಡಾಕ್ಟರು, ನರ್ಸು ಆಗಿದ್ದವರನ್ನೇ ಕರೆಸಿ 1968ರಲ್ಲಿ ವಿಯೆಟ್ನಾಂಗೆ ಕಳಿಸಿದ್ದರು.

ಯಾರಿಗೂ ಅಷ್ಟಾಗಿ ಬೇಡದ ವಾರ್ಡು

ಲೇನ್ ಅವರನ್ನು ಮೊದಲು ಹಾಕಿದ್ದು ಐಸಿಯುಗೆ. ಕೆಲವೇ ದಿನದಲ್ಲಿ ವಿಯೆಟ್ನಾಮಿ ರೋಗಿಗಳ ವಾರ್ಡಿಗೆ ಕಳಿಸಿದರು. ಅದೇ ನಾಲ್ಕನೇ ವಾರ್ಡು.

ಅಮೆರಿಕದ ಸೇನಾ ಆಸ್ಪತ್ರೆಯಲ್ಲಿ ವಿಯೆಟ್ನಾಮಿಗಳು ಯಾಕಿದ್ದರು? ಹಳ್ಳಿಗಳ ಮೇಲೆ ಬೀಳುತ್ತಿದ್ದ ಬಾಂಬು, ಷೆಲ್ಲು, ನೆಲಬಾಂಬುಗಳಿಂದ ಸಾವಿರಾರು ಜನಸಾಮಾನ್ಯರು ಗಾಯಗೊಳ್ಳುತ್ತಿದ್ದರು. ಅಲ್ಲಿನ ಜಿಲ್ಲಾ ಆಸ್ಪತ್ರೆಗಳಲ್ಲಿ ಹಾಸಿಗೆ ಸಾಲುತ್ತಿರಲಿಲ್ಲ. 1967ರಲ್ಲಿ ಅಮೆರಿಕದ ಸೇನೆ ಇಂಥ ಗಾಯಾಳುಗಳಿಗೂ ಜಾಗ ಕೊಡುವ ಏರ್ಪಾಡು ಮಾಡಿತು. ಅದಕ್ಕೆ ಆರಿಸಿದ ಊರುಗಳಲ್ಲಿ ಚು ಲಾಯಿಯೂ ಒಂದು. ಇದರ ಜೊತೆಗೆ ಸೆರೆಸಿಕ್ಕ ಎದುರಾಳಿಗಳಿಗೆ ಚಿಕಿತ್ಸೆ ಕೊಡುವ ಹೊಣೆ ಮೊದಲಿಂದಲೂ ಇತ್ತು. ಗಾಯಗೊಂಡು ಕೈಗೆ ಸಿಕ್ಕವನು ಯಾವ ಕಡೆಯವನೇ ಆಗಿರಲಿ, ಭೇದ ಮಾಡದೆ ನೋಡಿಕೊಳ್ಳಬೇಕು ಅಂತ 1949ರ ಜಿನೀವಾ ಒಪ್ಪಂದ ಹೇಳುತ್ತದೆ.

ಕಾಗದದ ಮೇಲೆ ಓದಲು ಇದು ಸುಲಭ. ವಾರ್ಡಿನೊಳಗೆ ನಿಂತು ಯೋಚಿಸಿ. ಸುಟ್ಟ ಮೈಯ ಮಗು. ಕಾಲು ಕಳೆದುಕೊಂಡ ಮುದುಕಿ. ಪಕ್ಕದಲ್ಲೇ ನೆಲದ ಮೇಲೆ ಕೂತ ಮನೆಯವರು. ನರ್ಸ್ ಒಂದು ಮಾತು ಕೇಳಬೇಕಾದರೂ ನಡುವೆ ದುಭಾಷಿ ಬೇಕು. ದುಭಾಷಿ ಇಲ್ಲದ ಹೊತ್ತಲ್ಲಿ ಎಲ್ಲಿ ನೋಯುತ್ತಿದೆ ಅಂತ ಕೈಸನ್ನೆಯಲ್ಲೇ ಕೇಳಬೇಕು. ಬೆಳಗ್ಗೆ ಡ್ರೆಸ್ಸಿಂಗ್ ಬಿಚ್ಚುವಾಗ ಮಗು ಚೀರುತ್ತದೆ. ಸಮಾಧಾನ ಮಾಡೋಣ ಅಂದರೆ ನಿಮ್ಮ ಮಾತು ಅದಕ್ಕೆ ತಿಳಿಯದು. ಇನ್ನೊಂದು ಕಡೆ, ಬಂದೂಕು ಹಿಡಿದು ನಿಮ್ಮವರ ಮೇಲೆ ಗುಂಡು ಹಾರಿಸಿದವನು ಮಲಗಿರಬಹುದು. ನೀವು ಅವನ ಗಾಯ ತೊಳೆಯಬೇಕು. ಅದೇ ದಿನ ಪಕ್ಕದ ವಾರ್ಡಿನಲ್ಲಿ ನಿಮ್ಮ ಊರಿನ ಕಡೆಯ ಹುಡುಗ ಪ್ರಾಣ ಬಿಟ್ಟಿರುತ್ತಾನೆ.

ಇಂಥ ವಾರ್ಡು ಬೇಡ ಅಂದ ನರ್ಸ್‌ಗಳನ್ನು ನಾನು ದೂರುವುದಿಲ್ಲ. ಸೈನಿಕರನ್ನು ನೋಡಿಕೊಳ್ಳಲು ಅಂತಲೇ ಎಷ್ಟೋ ಜನ ಮನೆ ಬಿಟ್ಟು ಬಂದಿದ್ದರು. ತಮ್ಮವರ ಗಾಯ ಬಿಟ್ಟು ಬೇರೆಯವರ ಗಾಯ ನೋಡು ಅಂದರೆ ಮನಸ್ಸು ಒಪ್ಪುವುದು ಕಷ್ಟ. ಲೇನ್ ಅವರಿಗೂ ಬೇರೆ ವಾರ್ಡಿಗೆ ಹೋಗುವ ಅವಕಾಶ ಬಂದಿತ್ತು, ಒಂದಲ್ಲ ಹಲವು ಸಲ. ಪ್ರತಿ ಸಲವೂ ಬೇಡ ಅಂದರು. ವಾರಕ್ಕೆ ಐದು ದಿನ, ದಿನಕ್ಕೆ 12 ಗಂಟೆ ಈ ವಾರ್ಡಿನಲ್ಲೇ ದುಡಿದರು. ಆರನೇ ದಿನ ಸರ್ಜಿಕಲ್ ಐಸಿಯುನಲ್ಲಿ ಡ್ಯೂಟಿ. ಅದರ ಮೇಲೆ ಬಿಡುವಿನ ವೇಳೆಯಲ್ಲೂ ಐಸಿಯುಗೆ ಹೋಗಿ ತೀರಾ ಕಷ್ಟದಲ್ಲಿದ್ದ ಸೈನಿಕರನ್ನು ನೋಡಿಕೊಳ್ಳುತ್ತಿದ್ದರು.

ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕು. ತಮ್ಮ ದೇಶದ ಸೈನಿಕರ ಮೇಲೆ ಅವರಿಗೆ ಅಕ್ಕರೆ ಇರಲಿಲ್ಲ ಅನ್ನುವ ಹಾಗಿಲ್ಲ, ಬಿಡುವಿನ ಹೊತ್ತನ್ನೂ ಅವರಿಗೇ ಕೊಟ್ಟಿದ್ದಾರೆ. ವಿಯೆಟ್ನಾಮಿ ವಾರ್ಡನ್ನು ಮೇಲಿನವರ ಅಪ್ಪಣೆ ಅಂತ ಸಹಿಸಿಕೊಂಡರು ಅನ್ನುವ ಹಾಗೂ ಇಲ್ಲ, ಬಿಡಬಹುದು ಅಂದಾಗಲೂ ಬಿಡಲಿಲ್ಲ. ಯಾರು ಮಲಗಿದ್ದಾರೆ ಅನ್ನುವುದು ಅವರ ಕೆಲಸವನ್ನು ಬದಲಿಸಲಿಲ್ಲ. ಜಿನೀವಾ ಒಪ್ಪಂದದ ಆ ಒಂದು ಕಲಮು ದಿನಕ್ಕೆ 12 ಗಂಟೆಯ ಲೆಕ್ಕದಲ್ಲಿ ಹೇಗೆ ಕಾಣುತ್ತದೆ ಅಂತ ಯಾರಾದರೂ ಕೇಳಿದರೆ ನಾನು ಈ ವಾರ್ಡನ್ನು ತೋರಿಸುತ್ತೇನೆ.

ಜೂನ್ ಮೊದಲ ವಾರ ಲೇನ್ ಮನೆಗೆ ಕಾಗದ ಬರೆದರು. ನಾಳೆಯಿಂದ ನೈಟ್ ಡ್ಯೂಟಿ, ಬೆಳಗ್ಗೆ ಬೇಗ ಏಳುವ ಗೋಜಿಲ್ಲ ಅನ್ನುವ ಖುಷಿ ಅದರಲ್ಲಿತ್ತು. ಇಲ್ಲೆಲ್ಲ ಶಾಂತವಾಗಿದೆ, ಒಂದೆರಡು ವಾರದಿಂದ ಷೆಲ್ ಬಿದ್ದಿಲ್ಲ ಅಂತಲೂ ತಿಳಿಸಿದ್ದರು. ದೂರದಲ್ಲಿರುವ ಮಕ್ಕಳು ಮನೆಯವರಿಗೆ ಗಾಬರಿ ಆಗದಿರಲಿ ಅಂತ ಬರೆಯುವ ಧಾಟಿಯೇ ಇದು. ಕಾಗದ ಬರೆದು ಕೆಲವೇ ದಿನ ಕಳೆದಿತ್ತು.

ಆ ಬೆಳಗ್ಗೆ

ಆಸ್ಪತ್ರೆಯ ಪಾಳಿಯಲ್ಲಿ ಬೆಳಗಿನ ಐದರಿಂದ ಏಳರವರೆಗಿನ ಹೊತ್ತು ಹೇಗಿರುತ್ತದೆ ಅನ್ನುವುದು ನೈಟ್ ಡ್ಯೂಟಿ ಮಾಡಿದ ಯಾರಿಗೂ ಗೊತ್ತು. ಕಣ್ಣು ಎಳೆಯುತ್ತಿರುತ್ತದೆ, ಕೆಲಸ ಮಾತ್ರ ರಾಶಿ ಇರುತ್ತದೆ. ಜ್ವರ ನೋಡಬೇಕು, ಡ್ರಿಪ್ ಬದಲಿಸಬೇಕು, ಹಗಲಿನವರು ಬರುವ ಮೊದಲು ಎಲ್ಲ ಬರೆದಿಡಬೇಕು. ರಾಕೆಟ್ ಬಿದ್ದಿದ್ದು ಅಂಥ ಹೊತ್ತಿನಲ್ಲಿ.

ದಾಳಿಯ ಸೈರನ್ ಕೇಳಿದಾಗ ವಿಯೆಟ್ನಾಂನ ಸೇನಾ ಆಸ್ಪತ್ರೆಗಳಲ್ಲಿ ನರ್ಸ್‌ಗಳು ಏನು ಮಾಡುತ್ತಿದ್ದರು ಅನ್ನುವುದನ್ನು ಅಲ್ಲಿ ದುಡಿದವರು ಮತ್ತೆ ಮತ್ತೆ ಹೇಳಿದ್ದಾರೆ. ಅಲ್ಲಾಡಬಲ್ಲ ರೋಗಿಗಳನ್ನು ಮಂಚದ ಕೆಳಗೆ ಇಳಿಸುವುದು. ಇಳಿಸಲು ಆಗದವರ ಮೇಲೆ ಇನ್ನೊಂದು ಹಾಸಿಗೆ ಹೊದಿಸುವುದು. ಕಾಲಿಗೆ ತೂಕ ಕಟ್ಟಿ ಎಳೆದು ಮಲಗಿಸಿದವನನ್ನು ಕೆಳಗಿಳಿಸುವ ಹಾಗಿಲ್ಲ. ಉಸಿರಾಟದ ಯಂತ್ರಕ್ಕೆ ಸಿಕ್ಕಿಸಿದವನನ್ನೂ ಅಷ್ಟೇ. ಬಂಕರ್ ಎಷ್ಟೇ ಹತ್ತಿರ ಇದ್ದರೂ ಅಂಥ ರೋಗಿಗೆ ಅದು ಇಲ್ಲದ ಲೆಕ್ಕ. ರೋಗಿಗೆ ಬಂಕರ್ ಇಲ್ಲ ಅಂದಮೇಲೆ ನರ್ಸ್‌ಗೂ ಇಲ್ಲ. ತಲೆಗೊಂದು ಹೆಲ್ಮೆಟ್, ಮೈಗೊಂದು ರಕ್ಷಾ ಜಾಕೆಟ್ ಹಾಕಿಕೊಂಡು ವಾರ್ಡಿನಲ್ಲೇ ಇರಬೇಕು.

ಜೂನ್ 8ರಂದು ಅಷ್ಟಕ್ಕೂ ಸಮಯ ಸಿಗಲಿಲ್ಲ. ರಾಕೆಟ್ ವಾರ್ಡಿನ ಪಕ್ಕದಲ್ಲೇ ಸಿಡಿಯಿತು.

ಲೇನ್ ರೋಗಿಗಳನ್ನು ಅಪ್ಪಿಕೊಂಡು ಪ್ರಾಣ ಬಿಟ್ಟರು ಅನ್ನುವ ಹಾಗೆ ಈ ಸಾವನ್ನು ಬಣ್ಣಿಸುವ ಆಸೆ ಬರುವುದು ಸಹಜ. ನಾನು ಹಾಗೆ ಬರೆಯುವುದಿಲ್ಲ. ಅದರ ಅಗತ್ಯವೂ ಇಲ್ಲ. ಏಪ್ರಿಲ್ 29ರಿಂದ ಜೂನ್ 8ರವರೆಗೆ 40 ದಿನ. ಮೊದಲ ಕೆಲವು ದಿನ ಬಿಟ್ಟರೆ, ವಾರಕ್ಕೆ ಐದು ದಿನ ಪಾಳಿ ಶುರುವಾಗುವ ಹೊತ್ತಿಗೆ ಅದೇ ವಾರ್ಡಿಗೆ ನಡೆದುಕೊಂಡು ಹೋಗಿದ್ದಾರೆ. ಧೈರ್ಯ ಅಂತ ಕರೆಯುವುದಾದರೆ ಅದನ್ನೇ ಕರೆಯಬೇಕು.

ಆಸ್ಪತ್ರೆ ಇದ್ದ ಜಾಗ

ಈ ಸಾವಿಗೆ ಕಾರಣ ಏನು ಅಂತ ಕೇಳಿದರೆ ರಾಕೆಟ್ ಅನ್ನುವುದು ಪೂರ್ತಿ ಉತ್ತರ ಆಗುವುದಿಲ್ಲ.

ಅಂದು ಬಿದ್ದಿದ್ದು 122 ಮಿಲಿಮೀಟರಿನ ರಾಕೆಟ್. ಸೋವಿಯತ್ ಮೂಲದ್ದು. ಸುಮಾರು 11 ಕಿಲೋಮೀಟರ್ ದೂರ ಹೋಗಬಲ್ಲದು. ದೊಡ್ಡ ಫಿರಂಗಿ ಬೇಕಿಲ್ಲ, ಲಾರಿ ಬೇಕಿಲ್ಲ. ನಾಲ್ಕಾರು ಜನ ಬಿಡಿಭಾಗಗಳನ್ನು ಹೊತ್ತು ತಂದು, ಕತ್ತಲಲ್ಲಿ ನಿಲ್ಲಿಸಿ, ಹಾರಿಸಿ ಮಾಯವಾಗಬಹುದು. ಅದರ ದೌರ್ಬಲ್ಯ ಅಂದರೆ ಗುರಿ. ಕತ್ತಲಲ್ಲಿ ಮಾವಿನ ಮರಕ್ಕೆ ಕಲ್ಲು ಬೀಸಿದ ಹಾಗೆ, ಮರಕ್ಕೆ ತಾಗುತ್ತದೆ, ಯಾವ ಕೊಂಬೆಗೆ ಅಂತ ಹೇಳಲಾಗದು. ವಿಮಾನ ನಿಲ್ದಾಣ, ಮದ್ದುಗುಂಡಿನ ಉಗ್ರಾಣ, ಸೈನಿಕರ ಬಿಡಾರ ಎಲ್ಲ ಇರುವ ದೊಡ್ಡ ನೆಲೆಯ ಕಡೆಗೆ ತಿರುಗಿಸಿ ಬಿಡುವುದಷ್ಟೇ. ಚು ಲಾಯಿ ಅಂಥ ನೆಲೆಯೇ. 1965ರಲ್ಲಿ ಅಮೆರಿಕದ ಮರೀನ್ ಪಡೆ ಅಲ್ಲಿಗೆ ಇಳಿದು ವಿಮಾನ ನಿಲ್ದಾಣ ಕಟ್ಟಿತ್ತು. ಲೇನ್ ಬರುವ ಹೊತ್ತಿಗೆ ಅದು 'ಅಮೆರಿಕಲ್' ಎಂಬ ಹೆಸರಿನ ಸೇನಾ ಡಿವಿಷನ್ನಿನ ಮುಖ್ಯ ಠಾಣ್ಯ. ಆಸ್ಪತ್ರೆ ಅದರೊಳಗೇ ಇತ್ತು.

ಗುರಿ ಇಲ್ಲದ ಆಯುಧವನ್ನು ರೋಗಿಗಳು ಮಲಗಿರುವ ಜಾಗದ ಕಡೆಗೆ ಬಿಟ್ಟವರ ಹೊಣೆ ದೊಡ್ಡದು. ಅದನ್ನು ಸ್ವಲ್ಪವೂ ಕಡಿಮೆ ಮಾಡಿ ಹೇಳುವ ಮನಸ್ಸು ನನಗಿಲ್ಲ. ಆದರೆ ಜಿನೀವಾ ಒಪ್ಪಂದದಲ್ಲೇ ಇನ್ನೊಂದು ಮಾತಿದೆ. ಸೈನಿಕ ಗುರಿಗಳ ಮೇಲೆ ದಾಳಿ ಆದಾಗ ಆಸ್ಪತ್ರೆಗೆ ಅಪಾಯ ಆಗದ ಹಾಗೆ, ಸಾಧ್ಯವಾದ ಮಟ್ಟಿಗೆ, ಆಸ್ಪತ್ರೆಯ ಜಾಗ ಆರಿಸಬೇಕು ಅಂತ, ಅದರ ನಾಲ್ಕು ಭಾಗಗಳಲ್ಲಿ ಮೊದಲನೇ ಒಪ್ಪಂದದ 19ನೇ ಕಲಮು ಹೇಳುತ್ತದೆ. ಆ "ಸಾಧ್ಯವಾದ ಮಟ್ಟಿಗೆ" ಅನ್ನುವುದರೊಳಗೇ ಚು ಲಾಯಿಯಂಥ ಆಸ್ಪತ್ರೆಗಳೆಲ್ಲ ನುಸುಳಿಕೊಂಡವು.

ಸೇನೆಯವರ ಕಡೆಯಿಂದಲೂ ಯೋಚಿಸೋಣ. ವಿಯೆಟ್ನಾಂನಲ್ಲಿ ಇದು ಮುಂಚೂಣಿ, ಇದು ಹಿಂಬದಿ ಅಂತ ಗೆರೆ ಎಳೆಯುವ ಹಾಗಿರಲಿಲ್ಲ. ಹಗಲು ಶಾಂತವಾಗಿದ್ದ ಹಳ್ಳಿಯಲ್ಲಿ ರಾತ್ರಿ ಗುಂಡು ಹಾರುತ್ತಿತ್ತು. ಆಸ್ಪತ್ರೆಯನ್ನು ನೆಲೆಯ ಹೊರಗೆ ಕಟ್ಟಿದರೆ ಕಾವಲು ಯಾರು? ಗಾಯಾಳುಗಳು ಬರುತ್ತಿದ್ದುದು ಹೆಲಿಕಾಪ್ಟರಿನಲ್ಲಿ. ಹೆಲಿಪ್ಯಾಡ್, ಕರೆಂಟು, ನೀರು, ಔಷಧಿ ಸಾಗಣೆ ಎಲ್ಲವೂ ನೆಲೆಯಲ್ಲೇ ಇತ್ತು. ಗುಂಡೇಟು ತಿಂದ ಸೈನಿಕ ಅಷ್ಟು ಬೇಗ ಆಪರೇಷನ್ ಟೇಬಲ್ಲಿಗೆ ಬಂದು ಬದುಕುತ್ತಿದ್ದುದು ಈ ಏರ್ಪಾಡಿನಿಂದಲೇ. ಅಂದರೆ ಸೈನಿಕರ ಜೀವ ಉಳಿಸಿದ ಅದೇ ನಿರ್ಧಾರ, ವಾರ್ಡಿನಲ್ಲಿ ಇದ್ದವರನ್ನು ರಾಕೆಟ್ಟಿನ ದಾರಿಯಲ್ಲಿ ನಿಲ್ಲಿಸಿತು. ಇದರ ಬೆಲೆ ತೆರುವವರಲ್ಲಿ ನರ್ಸ್‌ಗಳೂ ಇರುತ್ತಾರೆ ಅನ್ನುವುದು ಗೊತ್ತಿದ್ದೇ ನಡೆದದ್ದು.

ಕಟ್ಟಡವೂ ಗಟ್ಟಿಯಾದದ್ದಲ್ಲ. ಅರ್ಧ ಪೀಪಾಯಿಯನ್ನು ಬೋರಲು ಹಾಕಿದಂಥ ತಗಡಿನ ಶೆಡ್ಡುಗಳು. ಬೇಗ ಎಬ್ಬಿಸಬಹುದು, ಮಳೆ ತಡೆಯುತ್ತದೆ. ಸಿಡಿದ ಲೋಹದ ಚೂರಿಗೆ ತಗಡು ತಡೆ ಆಗದು. ಸುತ್ತ ಮರಳಿನ ಚೀಲ ಪೇರಿಸಿದರೆ ನೆಲಮಟ್ಟದಲ್ಲಿ ಬರುವ ಚೂರುಗಳಿಗೆ ಒಂದಿಷ್ಟು ಅಡ್ಡಿ. ಮೇಲಿಂದ ಬಂದು ಎರಡು ಶೆಡ್ಡುಗಳ ನಡುವೆ ಬೀಳುವ ರಾಕೆಟ್ಟಿಗೆ ಅದೂ ಸಾಲದು.

ಪದಕ, ಪ್ರತಿಮೆ, ಗೋಡೆ

ಲೇನ್ ಅವರ ಅಂತ್ಯಕ್ರಿಯೆ ಕ್ಯಾಂಟನ್‌ನಲ್ಲಿ ನಡೆಯಿತು. ಮರಣೋತ್ತರವಾಗಿ, ಯುದ್ಧದಲ್ಲಿ ಗಾಯಗೊಂಡ ಇಲ್ಲವೇ ಸತ್ತವರಿಗೆ ಕೊಡುವ ಪರ್ಪಲ್ ಹಾರ್ಟ್ ಮತ್ತು ಶೌರ್ಯದ ಗುರುತಿರುವ ಬ್ರಾನ್ಜ್ ಸ್ಟಾರ್ ಪದಕಗಳು ಬಂದವು. ದಕ್ಷಿಣ ವಿಯೆಟ್ನಾಂ ಸರ್ಕಾರವೂ ಪದಕ ಕೊಟ್ಟು ಗೌರವಿಸಿತು. ಅದೇ ವರ್ಷ ನವೆಂಬರ್‌ನಲ್ಲಿ ಡೆನ್ವರ್‌ನ ಫಿಟ್ಜ್‌ಸಿಮನ್ಸ್ ಆಸ್ಪತ್ರೆ ತನ್ನ ರಿಕವರಿ ವಿಭಾಗಕ್ಕೆ ಅವರ ಹೆಸರಿಟ್ಟಿತು. 1973ರಲ್ಲಿ ಅವರು ಓದಿದ ಆಲ್ಟ್‌ಮನ್ ಆಸ್ಪತ್ರೆಯ ಮುಂದೆ ಅವರ ಕಂಚಿನ ಪ್ರತಿಮೆ ನಿಂತಿತು. ಪೀಠದ ಮೇಲೆ, ಆ ಭಾಗದಿಂದ ಹೋಗಿ ವಿಯೆಟ್ನಾಂನಲ್ಲಿ ಸತ್ತ ಸೈನಿಕರ ಹೆಸರುಗಳಿವೆ. ಬಹಳ ವರ್ಷಗಳ ನಂತರ ಚು ಲಾಯಿಯಲ್ಲೇ ಅವರ ಹೆಸರಿನ ಪ್ರತಿಷ್ಠಾನ ಒಂದು ಕ್ಲಿನಿಕ್ ಕಟ್ಟಿಸಿತು. ಇಷ್ಟೂ ಗೌರವಗಳಲ್ಲಿ ಅವರ ಕೆಲಸಕ್ಕೆ ಹತ್ತಿರದ್ದು ಅದೇ ಅಂತ ನನಗನ್ನಿಸುತ್ತದೆ. ಅಲ್ಲಿಗೆ ಬರುವವರು ನಾಲ್ಕನೇ ವಾರ್ಡಿನ ರೋಗಿಗಳ ಊರಿನವರು.

ವಾಷಿಂಗ್ಟನ್‌ನಲ್ಲಿ 1982ರಲ್ಲಿ ವಿಯೆಟ್ನಾಂ ಸ್ಮಾರಕ ಗೋಡೆ ಎದ್ದಿತು. ಅದರ ಮೇಲೆ ಕೆತ್ತಿರುವ, ಯುದ್ಧದಲ್ಲಿ ಸತ್ತ ಅಮೆರಿಕನ್ನರ 58,000ಕ್ಕೂ ಹೆಚ್ಚು ಹೆಸರುಗಳಲ್ಲಿ ಹೆಂಗಸರದ್ದು ಎಂಟೇ. ಎಂಟೂ ಜನ ನರ್ಸ್‌ಗಳು.

ಇಲ್ಲಿ ಆ ಒಂದು ಸಾಲಿನ ಬಗ್ಗೆ ನನಗಿರುವ ತಕರಾರು ಹೇಳಲೇಬೇಕು. "ಶತ್ರು ದಾಳಿಗೆ ಸತ್ತ ಏಕೈಕ ಮಹಿಳೆ" ಅನ್ನುವಾಗ ಉಳಿದ ಏಳು ಜನ ಹಿಂದೆ ಸರಿದುಬಿಡುತ್ತಾರೆ. ಕ್ಯಾರಲ್ ಡ್ರಾಜ್ಬಾ, ಎಲಿಜಬೆತ್ ಜೋನ್ಸ್ 1966ರ ಫೆಬ್ರುವರಿಯಲ್ಲಿ ಸೈಗಾನ್ ಬಳಿ ಹೆಲಿಕಾಪ್ಟರ್ ಬಿದ್ದು ಸತ್ತರು. ಇಬ್ಬರಿಗೂ ವಯಸ್ಸು 22. ಎಲೀನರ್ ಅಲೆಕ್ಸಾಂಡರ್, ಹೆಡ್ವಿಗ್ ಓರ್ಲೋವ್ಸ್ಕಿ 1967ರ ನವೆಂಬರ್ 30ರಂದು ವಿಮಾನ ಅಪಘಾತದಲ್ಲಿ ಹೋದರು. ಗಾಯಾಳುಗಳು ಜಾಸ್ತಿಯಾಗಿ ಕೈ ಸಾಲದ ಪ್ಲೇಕು ಊರಿನ ಆಸ್ಪತ್ರೆಗೆ ನೆರವಾಗಲು ಹೋಗಿದ್ದವರು, ಕೆಲಸ ಮುಗಿಸಿ ವಾಪಸ್ ಬರುತ್ತಿದ್ದರು. ಅದೇ ವಿಮಾನದಲ್ಲಿ ಇಬ್ಬರು ಗಂಡಸು ನರ್ಸ್‌ಗಳೂ ಇದ್ದರು, ಅವರೂ ಉಳಿಯಲಿಲ್ಲ. ಪಮೇಲಾ ಡೊನೊವನ್ 1968ರಲ್ಲಿ ಕಾಯಿಲೆಯಿಂದ ತೀರಿಕೊಂಡರು. ಎರಡನೇ ಮಹಾಯುದ್ಧ, ಕೊರಿಯಾ ಯುದ್ಧ ಎರಡನ್ನೂ ಕಂಡಿದ್ದ ಲೆಫ್ಟಿನೆಂಟ್ ಕರ್ನಲ್ ಆನಿ ರೂತ್ ಗ್ರಹಾಂ ಅದೇ ವರ್ಷ ಪಾರ್ಶ್ವವಾಯುವಿಗೆ ಬಲಿಯಾದರು. ವಾಯುಪಡೆಯ ಮೇರಿ ಕ್ಲಿಂಕರ್ ಸತ್ತಿದ್ದು 1975ರ ಏಪ್ರಿಲ್‌ನಲ್ಲಿ, ಅನಾಥ ಮಕ್ಕಳನ್ನು ಸೈಗಾನ್‌ನಿಂದ ಹೊರಗೆ ಸಾಗಿಸುತ್ತಿದ್ದ ದೊಡ್ಡ ವಿಮಾನ ಬಿದ್ದಾಗ.

ದಾರಿಯಲ್ಲಿ ಹೆಲಿಕಾಪ್ಟರ್ ಬಿದ್ದರೆ ಅದು ಅಪಘಾತ, ವಾರ್ಡಿನಲ್ಲಿ ರಾಕೆಟ್ ಬಿದ್ದರೆ ಅದು ಯುದ್ಧದ ಸಾವು. ಸೇನೆಯ ದಾಖಲೆಗೆ ಈ ವಿಂಗಡಣೆ ಬೇಕಾಗಬಹುದು. ನಮಗೇಕೆ? ಯುದ್ಧ ಇಲ್ಲದಿದ್ದರೆ ಆ ಹುಡುಗಿಯರು ಆ ಹೆಲಿಕಾಪ್ಟರ್ ಹತ್ತುತ್ತಲೇ ಇರಲಿಲ್ಲ. ಲೇನ್ ಅವರನ್ನು ನೆನೆಯುವಾಗ ಉಳಿದ ಏಳೂ ಹೆಸರುಗಳನ್ನು ಒಟ್ಟಿಗೆ ಹೇಳುವುದೇ ಸರಿ. ಗೋಡೆ ಎದ್ದ ಮೇಲೂ, ಯುದ್ಧಕ್ಕೆ ಹೋಗಿ ಬಂದ ಸಾವಿರಾರು ನರ್ಸ್‌ಗಳನ್ನು ಯಾರೂ ಮಾತಾಡಿಸುತ್ತಿರಲಿಲ್ಲ. ಸೇನೆಯ ನರ್ಸ್ ಆಗಿದ್ದ ಡಯಾನ್ ಕಾರ್ಲ್ಸನ್ ಇವಾನ್ಸ್ 1984ರಲ್ಲಿ ಹೋರಾಟ ಶುರು ಮಾಡಿ, ಅಲ್ಲೇ ಹತ್ತಿರದಲ್ಲಿ ಮಹಿಳೆಯರ ಸ್ಮಾರಕ ಬರುವ ಹಾಗೆ ಮಾಡಿದರು. ಅದು ಸಾರ್ವಜನಿಕರಿಗೆ ತೆರೆದುಕೊಂಡಾಗ 1993ರ ನವೆಂಬರ್.

ಜೂನ್ 8ರ ಬೆಳಗ್ಗೆ ಸತ್ತ ಆ ಬಾಲಕಿಗೆ ಮಾತ್ರ ಈ ಸ್ಮಾರಕಗಳಲ್ಲಿ ಜಾಗ ಇಲ್ಲ. ಇವು ಅಮೆರಿಕದವು, ಅಮೆರಿಕದ ಸೈನ್ಯದವರಿಗಾಗಿ ಕಟ್ಟಿದವು. ಹಾಗಿದ್ದರೂ ಆ ಬೆಳಗಿನ ಲೆಕ್ಕ ಬರೆಯುವಾಗ ಸತ್ತವರು ಇಬ್ಬರು ಅಂತಲೇ ಬರೆಯಬೇಕು. ನರ್ಸ್ ಅಲ್ಲಿ ಇದ್ದದ್ದೇ ಅಂಥ ಮಕ್ಕಳಿಗಾಗಿ.

312ನೇ ಆಸ್ಪತ್ರೆಯವರು ಅದೇ ವರ್ಷ ತಮ್ಮ ಅವಧಿ ಮುಗಿಸಿ ಊರಿಗೆ ಮರಳಿದರು. ಅವರ ಜಾಗಕ್ಕೆ 91ನೇ ಇವ್ಯಾಕ್ಯುಯೇಶನ್ ಆಸ್ಪತ್ರೆಯವರು ಬಂದರು. ಹೊಸ ಡಾಕ್ಟರುಗಳು, ಹೊಸ ನರ್ಸ್‌ಗಳು. ಆಸ್ಪತ್ರೆ ಮಾತ್ರ ಚು ಲಾಯಿ ನೆಲೆಯೊಳಗೇ 1971ರವರೆಗೆ ನಡೆಯಿತು.